ತರ್ಕದ ಪ್ರಶ್ನೆಗಳೂ ಗಡಿಯಾರವೂ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಈಚೆಗೆ ನ್ಯಾಯಶಾಸ್ತ್ರವನ್ನು ಅಭ್ಯಸಿಸಲು ಮನಸ್ಸು ಮಾಡುತ್ತಿರುವುದು ನಮಗೆ ಬಹು ಸಂತೋಷದ ಸಂಗತಿಯಾಗಿದೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷಗಳ ವ್ಯಾಸಂಗಕ್ಕೆ ಸೇರಬೇಕಾದರೆ ಕ್ಲಾಟ್ ಎಂಬ ಪ್ರವೇಶಪರೀಕ್ಷೆಯನ್ನು ದಾಟಬೇಕು. 2008ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ 2024ನೆಯ ಸಾಲಿನಿಂದ 120 ಪ್ರಶ್ನೆಗಳು, 120 ನಿಮಿಷಗಳು. ತಪ್ಪಿದ ಒಂದೊಂದು ಉತ್ತರಕ್ಕೂ ಕಾಲು ಅಂಕವನ್ನು ಕಳೆಯುವರು. ಪ್ರಶ್ನೆಗೊಂದು ನಿಮಿಷ ಸಾಕಲ್ಲವೇ ಎಂದು ಹೆತ್ತವರು ಕೇಳಬಹುದು. ಆದರೆ ಸುಮಾರು 450 ಪದಗಳವರೆಗಿನ ಗದ್ಯಭಾಗಗಳನ್ನು ಓದುವ ಕಾಲವೂ ಅದರಲ್ಲಿಯೇ ಅಡಗಿರುವುದು.

"ಅಮ್ಮನವರೇ, ಉತ್ತರವೆಲ್ಲಾ ತಿಳಿದಿತ್ತು, ಕಾಲವೇ ಸಾಲಲಿಲ್ಲ" ಎಂದು ಒಬ್ಬ ಪೂರ್ವ ವಿದ್ಯಾರ್ಥಿನಿಯು ನಮ್ಮೆದುರು ಕಣ್ಣೀರಿಟ್ಟಳು. ಅವಳ ತಂದೆಯು ಸಾಲಮಾಡಿ ತರಬೇತಿಗೆ ಕಳುಹಿಸಿದ್ದನು. ಇನ್ನೊಂದು ವರ್ಷ ಕಾಯುವುದು ಆ ಮನೆಗೆ ಹಗುರವಾದ ಮಾತಲ್ಲ. ಆಕೆಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನೋಡಿದೆವು. ಗದ್ಯಭಾಗವನ್ನು ಚೆನ್ನಾಗಿಯೇ ಓದುತ್ತಿದ್ದಳು. ಆದರೆ ನಾಲ್ಕು ಉತ್ತರಗಳನ್ನು ಮಾತ್ರ ಮೂರು ಮೂರು ಸಾರಿ ಓದಿ, ಕೊನೆಗೆ ಎರಡರ ನಡುವೆ ಉಯ್ಯಾಲೆಯಾಡುತ್ತಿದ್ದಳು. ಕಾಲವು ಸೋರಿಹೋಗುತ್ತಿದ್ದುದು ಅಲ್ಲಿಯೇ. ಕಣ್ಣನ್ನು ಬೇಗಬೇಗನೆ ಓಡಿಸುವ ವಿದ್ಯೆಯನ್ನು ಹಣಕ್ಕೆ ಕಲಿಸುವವರಿದ್ದಾರೆ; ನಮಗೆ ಅದರಲ್ಲಿ ನಂಬಿಕೆ ಸಾಲದು.

ಮೊದಲು ಗಡಿಯಾರವನ್ನು ತೆಗೆದಿಡಿಸಿದೆವು. ಲೇಖಕನು ನಮ್ಮನ್ನು ಯಾವುದಕ್ಕೆ ಒಪ್ಪಿಸಬೇಕೆಂದಿದ್ದಾನೆ, ಅದಕ್ಕೆ ಯಾವ ಕಾರಣ ಕೊಟ್ಟಿದ್ದಾನೆ, ಇವೆರಡನ್ನೂ ಉತ್ತರಗಳ ಕಡೆಗೆ ನೋಡುವುದಕ್ಕೆ ಮೊದಲೇ ಕನ್ನಡದಲ್ಲಿ ಒಂದೊಂದು ವಾಕ್ಯವಾಗಿ ಹೇಳಿಸಿದೆವು. ಪ್ರಶ್ನೆ ಇಂಗ್ಲಿಷಿನದಾದರೂ, ಮನೆಮಾತಿನಲ್ಲಿ ಹೇಳಲಾರದುದು ಅರ್ಥವಾಗಿಲ್ಲವೆಂದೇ ನಮ್ಮ ಅಭಿಪ್ರಾಯ.

ಒಂದು ದೃಷ್ಟಾಂತ. "ಊರಿನಲ್ಲಿ ವಾಚನಾಲಯವು ತೆರೆದ ಮೇಲೆ ಹೆಚ್ಚು ಮಕ್ಕಳು ತೇರ್ಗಡೆಯಾದರು, ಆದಕಾರಣ ವಾಚನಾಲಯದಿಂದಲೇ ಇದು ಆಯಿತು." ಈ ವಾದವು ಹೇಳದೆ ನಂಬಿಕೊಂಡಿರುವುದೇನು? "ತೇರ್ಗಡೆಯಾದವರಲ್ಲಿ ಕೆಲವರಾದರೂ ಅಲ್ಲಿಗೆ ಹೋಗುತ್ತಿದ್ದರು" ಎಂಬುದೊಂದು ಉತ್ತರ. "ಅಲ್ಲಿ ಬಹಳ ಪುಸ್ತಕಗಳಿದ್ದವು" ಎಂಬುದು ಮತ್ತೊಂದು. ಎರಡೂ ಸರಿಯೆಂದೇ ತೋರುವುವು. ಒಂದೊಂದನ್ನೂ ತಿರುಗಿಸಿ ನೋಡಿರಿ. ಪುಸ್ತಕಗಳು ಸ್ವಲ್ಪವೇ ಇದ್ದರೂ ವಾದವು ನಿಲ್ಲಬಹುದು. ಒಬ್ಬರೂ ಅಲ್ಲಿಗೆ ಹೋಗಲಿಲ್ಲವೆಂದರೆ ವಾದವು ಆ ಕ್ಷಣವೇ ಬಿದ್ದುಹೋಗುವುದು. ವಾದವನ್ನು ದುರ್ಬಲಗೊಳಿಸಿರೆಂದು ಕೇಳಿದ್ದರೆ, ಆ ವರ್ಷವೇ ಒಳ್ಳೆಯ ಉಪಾಧ್ಯಾಯರು ಬಂದಿದ್ದರೆಂಬಂಥ ಬೇರೆ ಕಾರಣವನ್ನು ಹುಡುಕಬೇಕು. ಹೀಗೆ ಏನನ್ನು ಹುಡುಕಬೇಕೆಂದು ತಿಳಿದ ಮೇಲೆ ಉತ್ತರಗಳನ್ನು ಒಂದೇ ಸಾರಿ ಓದಿದರೆ ಸಾಕಾಗುವುದು.

"ಎಲ್ಲರೂ", "ಎಂದಿಗೂ" ಎಂಬ ದೊಡ್ಡ ಮಾತುಗಳ ಉತ್ತರವನ್ನು ಗದ್ಯಭಾಗವೂ ಅಷ್ಟೇ ದೊಡ್ಡದಾಗಿ ಹೇಳಿದೆಯೇ ಎಂದು ನೋಡಬೇಕು. ಎರಡು ಉತ್ತರಗಳೇ ಉಳಿದು, ಮನಸ್ಸು ಇತ್ಯರ್ಥಕ್ಕೆ ಬಾರದಿದ್ದರೆ ಒಂದನ್ನು ಗುರುತಿಸಿ ಮುಂದಕ್ಕೆ ಹೋಗತಕ್ಕದ್ದು. ಅಂಥ ಎಂಟು ಪ್ರಶ್ನೆಗಳಲ್ಲಿ ನಾಲ್ಕು ಸರಿಯಾಗಿ ನಾಲ್ಕು ತಪ್ಪಿದರೂ ಮೂರು ಅಂಕ ಉಳಿಯುವುದೆಂದು ಲೆಕ್ಕಮಾಡಿ ತೋರಿಸಿದಾಗ ಆ ಹುಡುಗಿಯ ಮುಖದಲ್ಲಿ ಮೊದಲ ಸಾರಿ ನಗೆ ಕಂಡಿತು. ತಪ್ಪುಗಳು ಕಡಿಮೆಯಾದ ಮೇಲೆಯೇ ಗಡಿಯಾರವನ್ನು ಮೇಜಿನ ಮೇಲೆ ಇರಿಸಿದೆವು.

ಈಗ ಅವಳೊಡನೆ ಇನ್ನೂ ಕೆಲವರು ಶನಿವಾರ ಮಧ್ಯಾಹ್ನ ಶಾಲೆಗೆ ಬರುತ್ತಿದ್ದಾರೆ. ಈ ಪರೀಕ್ಷೆಯನ್ನು ಬರೆದ ಪೂರ್ವ ವಿದ್ಯಾರ್ಥಿನಿಯರು ತಮ್ಮ ಹಳೆಯ ಪ್ರಶ್ನೆಪತ್ರಿಕೆಗಳೊಡನೆ ಬಂದು ಒಂದು ಗಂಟೆ ಈ ಮಕ್ಕಳ ಪಕ್ಕದಲ್ಲಿ ಕುಳಿತರೆ ನಾವು ಬಹಳ ಉಪಕೃತರಾಗುವೆವು.