ಆಟದ ಗಣಕಯಂತ್ರದ ಅಂಗಗಳು

ಅಂಗಡಿಯಲ್ಲಿ ಸಿದ್ಧವಾಗಿರುವ ಗಣಕಯಂತ್ರವನ್ನು ಕೊಂಡು ತರುವುದಕ್ಕೂ, ಅದರ ಅಂಗಗಳನ್ನು ಒಂದೊಂದಾಗಿ ಆಯ್ದು ಜೋಡಿಸಿಕೊಳ್ಳುವುದಕ್ಕೂ ಇರುವ ಅಂತರವು, ಅಚ್ಚಾದ ಪಂಚಾಂಗವನ್ನು ನೋಡಿ ತಿಥಿಯನ್ನು ಹೇಳುವುದಕ್ಕೂ ತಾನೇ ಗಣಿತವನ್ನು ಮಾಡಿ ಹೇಳುವುದಕ್ಕೂ ಇರುವಷ್ಟು ಉಂಟು. ಗಣಕಯಂತ್ರದ ಆಟಗಳಲ್ಲಿ ಆಸಕ್ತರಾದ ತರುಣರಲ್ಲಿ ಅನೇಕರು ಎರಡನೆಯ ಮಾರ್ಗವನ್ನೇ ಹಿಡಿಯುವರು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಈ ಅಂಗಗಳೆಲ್ಲವೂ ಬಿಡಿಬಿಡಿಯಾಗಿ ದೊರೆಯುತ್ತವೆ. ಮೇಲ್ದರ್ಜೆಯ ಯಂತ್ರವೆಂದರೆ ಲಕ್ಷಗಳಲ್ಲಿಯೇ ಲೆಕ್ಕ. ಸಂಬಳದಲ್ಲಿ ತಿಂಗಳು ತಿಂಗಳೂ ಉಳಿಸಿ ಕೂಡಿಟ್ಟವನಿಗೆ ಆ ಹಣವು ಆಟದ ಮಾತಲ್ಲ.

ಬೆಲೆಯಲ್ಲಿ ಹೆಚ್ಚಾದುದೇ ಗುಣದಲ್ಲಿಯೂ ಹೆಚ್ಚೆಂಬ ನಂಬಿಕೆಯು ಇಲ್ಲಿ ಸಲ್ಲದು. ಎ. ಎಂ. ಡಿ. ಸಂಸ್ಥೆಯು ೨೦೨೪ನೆಯ ಇಸವಿಯ ಆಗಸ್ಟಿನಲ್ಲಿ ಹೊರತಂದ ‘ರೈಜನ್ ೯ ೯೯೫೦ಎಕ್ಸ್’ ಎಂಬ ಪ್ರೊಸೆಸರಿನಲ್ಲಿ ೧೬ ಕೋರುಗಳುಂಟು. ಅದೇ ವರ್ಷದ ನವೆಂಬರಿನಲ್ಲಿ ಬಂದ ‘ರೈಜನ್ ೭ ೯೮೦೦ಎಕ್ಸ್೩ಡಿ’ಯಲ್ಲಿ ೮ ಮಾತ್ರ. ಹೊರಬಂದಾಗಿನ ಬೆಲೆಯಲ್ಲಿ ಮೊದಲನೆಯದೇ ಮೇಲು. ಬಹುತೇಕ ಆಟಗಳ ವೇಗದಲ್ಲಿ ಎರಡನೆಯದೇ ಮುಂದು. ಕಾರಣವು ಗೂಢವಾದುದೇನಲ್ಲ. ಎರಡನೆಯದರ ಎಂಟು ಕೋರುಗಳಿಗೆ ಒತ್ತಿನಲ್ಲಿಯೇ ೯೬ ಮೆಗಾಬೈಟುಗಳ ‘ಕ್ಯಾಶ್’ ಎಂಬ ಸ್ಮೃತಿಕೋಶವನ್ನು ಇರಿಸಿರುವರು. ಎಂಟೇ ಮಂದಿ ಅಡಿಗೆಯವರಿದ್ದು ಉಗ್ರಾಣವು ಪಕ್ಕದಲ್ಲಿರುವ ಮನೆಯಲ್ಲಿ, ಹದಿನಾರು ಮಂದಿಯಿದ್ದು ಉಪ್ಪಿಗೂ ಹುಳಿಗೂ ಬೀದಿಯಾಚೆಗೆ ಓಡಬೇಕಾದ ಮನೆಗಿಂತ ಬೇಗನೆ ಎಲೆ ಹಾಕುವರಷ್ಟೆ.

ಗ್ರಾಫಿಕ್ಸ್ ಕಾರ್ಡನ್ನು ಆಯುವುದಕ್ಕೆ ಮೊದಲು ಪರದೆಯನ್ನು ನಿಶ್ಚಯಿಸಬೇಕು. ೧೯೨೦ಕ್ಕೆ ೧೦೮೦ರ ಪರದೆಯಲ್ಲಿ ಸುಮಾರು ೨೦ ಲಕ್ಷ ಚುಕ್ಕೆಗಳು. ೩೮೪೦ಕ್ಕೆ ೨೧೬೦ರದರಲ್ಲಿ ೮೩ ಲಕ್ಷ. ಕಾರ್ಡು ಬಿಡಿಸಬೇಕಾದ ಚುಕ್ಕೆಗಳು ನಾಲ್ಮಡಿಯಾಗುವುವು. ಸಣ್ಣ ಪರದೆಯ ಮುಂದೆ ಮಹಾ ಕಾರ್ಡನ್ನು ಇಡುವವರೂ ಉಂಟು. ಅವರ ಔದಾರ್ಯದಿಂದ ಅಂಗಡಿಯವನಿಗೆ ಲಾಭವಾಗುವುದು ದಿಟ.

ವಾಕ್ಯದಿಂದ ಅರ್ಥವು ಹೊರಡಬೇಕಾದರೆ ಪದಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಇರಬೇಕೆಂದು ತಾರ್ಕಿಕರು ಹೇಳುವರು. ಯಂತ್ರದ ಅಂಗಗಳಿಗೂ ಇದು ಸಲ್ಲುವುದು. ಮೇಲೆ ಹೇಳಿದ ಪ್ರೊಸೆಸರುಗಳು ‘ಎ. ಎಂ. ೫’ ಬಗೆಯ ಮದರ್‌ಬೋರ್ಡಿನಲ್ಲಿ ಮಾತ್ರ ಕೂಡುವುವು. ಆ ಬೋರ್ಡಿಗೆ ‘ಡಿ. ಡಿ. ಆರ್. ೫’ ರ್‍ಯಾಮೇ ಬೇಕು. ಹಳೆಯ ಡಿ. ಡಿ. ಆರ್. ೪ ಎಷ್ಟೇ ಉತ್ತಮವಾದುದಾದರೂ ಅದರ ಕಚ್ಚು ಬೇರೆ ಎಡೆಯಲ್ಲಿರುವುದರಿಂದ ಒಳಗೆ ಇಳಿಯದು.

ಆದರೆ ಎಲ್ಲರೂ ಕಡೆಗಣಿಸುವ ಅಂಗವು ಪವರ್ ಸಪ್ಲೈ. ೨೦೨೨ರ ಅಕ್ಟೋಬರಿನಲ್ಲಿ ಬಂದ ಎನ್‌ವಿಡಿಯಾ ಸಂಸ್ಥೆಯ ‘ಆರ್. ಟಿ. ಎಕ್ಸ್. ೪೦೯೦’ ಕಾರ್ಡು ಒಂದಕ್ಕೇ ೪೫೦ ವ್ಯಾಟುಗಳಷ್ಟು ವಿದ್ಯುತ್ತು ಬೇಕು. ಗೋಡೆಯ ೨೩೦ ವೋಲ್ಟಿನಲ್ಲಿ ಇದು ಎರಡು ಆಂಪಿಯರಿನ ಕೆಲಸ. ಯಂತ್ರದೊಳಗಿನ ೧೨ ವೋಲ್ಟಿನಲ್ಲಿಯಾದರೋ ಮೂವತ್ತೇಳೂವರೆ ಆಂಪಿಯರು, ಅದೂ ಬೆರಳಗಲದ ಪ್ಲಗ್ಗೊಂದರ ಮೂಲಕ ಹರಿಯಬೇಕು. ಆ ಪ್ಲಗ್ಗುಗಳು ಕರಗಿದ ಪ್ರಸಂಗಗಳು ಅದೇ ವರ್ಷ ಬೆಳಕಿಗೆ ಬಂದುವು. ಪ್ಲಗ್ಗನ್ನು ಪೂರ್ತಿಯಾಗಿ ಒತ್ತದಿದ್ದುದೇ ಹಲವೆಡೆ ಕಾರಣವೆಂದು ಪರೀಕ್ಷಕರು ಕಂಡರು. ೨೦೨೩ರಲ್ಲಿ ಅದರ ವಿನ್ಯಾಸವನ್ನು ತಿದ್ದಿದರು; ಆದರೂ ೫೭೫ ವ್ಯಾಟಿನ ೫೦೯೦ ಕಾರ್ಡು ಬಂದ ೨೦೨೫ರಲ್ಲಿ ಅಂತಹ ದೂರುಗಳು ಮತ್ತೆ ಕೇಳಿಬಂದುವು. ಕಳಪೆಯಾದ ಪವರ್ ಸಪ್ಲೈಯಂತೂ ತಾನು ಕೆಡುವಾಗ ಮಿಕ್ಕ ಅಂಗಗಳನ್ನೂ ಕೆಡಿಸಬಲ್ಲುದು.

ಮೂರು ವರ್ಷದ ಉಳಿತಾಯವನ್ನು ಹಿಡಿದು ತಂದೆಯೊಡನೆ ಅಂಗಡಿಗೆ ಬಂದಿದ್ದ ತರುಣನೊಬ್ಬನು, ಬಣ್ಣದ ದೀಪಗಳುಳ್ಳ ಗಾಜಿನ ಪೆಟ್ಟಿಗೆಗಾಗಿ ಈ ಅಂಗದಲ್ಲಿಯೇ ಆರು ಸಾವಿರವನ್ನು ಉಳಿಸಲು ಹವಣಿಸಿದನು.

“ಇದು ಒಳಗೆ ಇರುವಂಥಾದ್ದು ಅಪ್ಪ, ಯಾರಿಗೂ ಕಾಣೋದಿಲ್ಲ.”

“ಕಾಣದೆ ಇದ್ದರೆ ಏನಾಯಿತೋ? ಕರೆಂಟೆಲ್ಲ ಇದರ ಮೂಲಕ ತಾನೆ ಬರಬೇಕಾದ್ದು?” ಎಂದು ತಂದೆಯು ಹೇಳಿ, ಅಂಗಡಿಯವನ ಕಡೆಗೆ ತಿರುಗಿ, “ನಮ್ಮದು ಹಳೇ ಮನೆ ಸ್ವಾಮಿ. ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಾಗಿಲ್ಲದೆ ಇದ್ದರೆ?” ಎಂದು ಕೇಳಿದನು.

ಮೊದಲು ಅದನ್ನು ಸರಿಮಾಡಿಸಬೇಕೆಂದು ಅಂಗಡಿಯವನು ಪ್ರಾಮಾಣಿಕವಾಗಿಯೇ ಉತ್ತರವಿತ್ತನು. ಆ ದಿನ ತಂದೆಮಕ್ಕಳು ೮೫೦ ವ್ಯಾಟಿನ ಒಳ್ಳೆಯ ಪವರ್ ಸಪ್ಲೈ ಒಂದನ್ನೂ, ದೀಪವಿಲ್ಲದ ತಗಡಿನ ಪೆಟ್ಟಿಗೆಯೊಂದನ್ನೂ ಕೊಂಡರು. ಕಾರ್ಡು ಅಂಗಡಿಯಲ್ಲಿಯೇ ಉಳಿಯಿತು. ವಿದ್ಯುತ್ತಿನ ಕೆಲಸದವನಿಗೆ ಬಿಡುವಿದ್ದುದು ಭಾನುವಾರ.