ಕೆಂಪು ಬಟನ್ನಿನ ಹಿಂದಿನ ತಂತಿ

ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮನೆಯಂಗಳಕ್ಕೇ ಬರುತ್ತದೆ. ಪಿಕಪ್‌ನಿಂದ ಇಳಿಸಿ, ಚಾಲಿ ಅಡಿಕೆ ಸುರಿದು, ಕೆಲಸ ಮುಗಿದರೆ ಮುಂದಿನ ಮನೆಗೆ. ಮೋಟಾರು ಒಂದು ಕಂಪನಿಯದು, ಸ್ಟಾರ್ಟರ್ ಇನ್ನೊಂದರದು, ಚೌಕಟ್ಟು ವೆಲ್ಡಿಂಗ್ ಶಾಪಿನದು, ವೈರಿಂಗ್ ಊರಿನ ಎಲೆಕ್ಟ್ರಿಷಿಯನ್ನರದು. ಹಾಗಾದರೆ ಇದನ್ನು ವಿನ್ಯಾಸ ಮಾಡಿದವರು ಯಾರು?

*

ನಿಲ್ಲಿಸುವ ಕೆಂಪು ಬಟನ್ನಿಗೆ ಎರಡು ರೀತಿ ತಂತಿ ಎಳೆಯಬಹುದು. ‘ಎನ್‌ಸಿ’ (ನಾರ್ಮಲಿ ಕ್ಲೋಸ್ಡ್) ಎಂದರೆ ಸಂಪರ್ಕ ಸದಾ ಕೂಡಿಕೊಂಡಿರುತ್ತದೆ. ಮೋಟಾರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಹೋಗುವ ಕರೆಂಟು ಅದರ ಮೂಲಕವೇ ಹಾಯುತ್ತದೆ, ಒತ್ತಿದರೆ ಕಡಿಯುತ್ತದೆ. ‘ಎನ್‌ಒ’ (ನಾರ್ಮಲಿ ಓಪನ್) ಆದರೆ ಸಂಪರ್ಕ ಬಿಟ್ಟುಕೊಂಡಿರುತ್ತದೆ. ಒತ್ತಿದಾಗ ಕೂಡಿಕೊಂಡು ರಿಲೇಯನ್ನು ಎಬ್ಬಿಸುತ್ತದೆ, ರಿಲೇ ಯಂತ್ರವನ್ನು ನಿಲ್ಲಿಸುತ್ತದೆ.

ಅಂಗಳದಲ್ಲಿ ಒತ್ತಿ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ತಿಳಿಯುವುದು ಇಲಿ ತಂತಿ ಕಡಿದ ದಿನ. ಎನ್‌ಸಿ ಆಗಿದ್ದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಮಾಲೀಕರಿಗೆ ಕಿರಿಕಿರಿ, ಅಷ್ಟೆ. ಎನ್‌ಒ ಆಗಿದ್ದರೆ ಯಂತ್ರ ಓಡುತ್ತಲೇ ಇರುತ್ತದೆ. ಬಟನ್ ಸತ್ತಿದೆ ಎಂದು ಗೊತ್ತಾಗುವುದು ಯಾರದೋ ಕೈ ಸಿಕ್ಕಿಕೊಂಡ ಮೇಲೆ. ಅಡಿಕೆ ದಾಸ್ತಾನಿರುವ ಕೊಟ್ಟಿಗೆಯಲ್ಲಿ ಇಲಿ ಇರುವುದಿಲ್ಲ ಎಂದು ಯಾರು ಹೇಳಬಲ್ಲರು?

*

ಸಾಮಾನ್ಯ ಸ್ಟಾರ್ಟರಿನಲ್ಲಿ ಕರೆಂಟು ಹೋದರೆ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಬಂದ ಮೇಲೆ ಹಸಿರು ಬಟನ್ ಒತ್ತಲೇಬೇಕು. ತೋಟದ ಪಂಪಿಗೆ, ಕರೆಂಟು ಬಂದೊಡನೆ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕುವುದು ನನಗೆ ಅರ್ಥವಾಗುತ್ತದೆ. ತ್ರೀ ಫೇಸ್ ನಡುರಾತ್ರಿ ಬಂದರೆ ಎದ್ದು ಹೋಗುವವರು ಯಾರು? ಆದರೆ ಅದೇ ಡಬ್ಬಿಯನ್ನು ರಬ್ಬರ್ ಶೀಟಿನ ರೋಲರಿಗೂ ಹಾಕಿದರೆ? ರೋಲರುಗಳ ನಡುವೆ ಸಿಕ್ಕಿದ್ದನ್ನು ಬಿಡಿಸಲು ಜನ ಕೈ ಹಾಕುವುದೇ ಕರೆಂಟು ಹೋದಾಗ.

ಎಲೆಕ್ಟ್ರಿಷಿಯನ್ ಒಬ್ಬರನ್ನು ಈ ಬಗ್ಗೆ ಕೇಳಿದೆ. “ಕರೆಂಟ್ ಬಂದ ಕೂಡಲೇ ತಿರುಗಬೇಕು ಅಂತ ಮಾಲೀಕರೇ ಹೇಳಿದರೆ ನಾವು ಎಂತ ಮಾಡುವುದು ಮಾರಾಯ್ರೆ?” ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಆ ತಂತಿ ಜೋಡಿಸುವ ಹೊತ್ತಿಗೆ ಅವರೂ ವಿನ್ಯಾಸಕಾರರೇ ಅಲ್ಲವೆ?

*

ಕಾನೂನು ಇಲ್ಲವೆಂದಲ್ಲ. ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಳ್ಳುವವರನ್ನು ನೆನೆದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಬೇರೆ ಯಂತ್ರಗಳನ್ನೂ ಅದರಡಿ ತರಲು ಕೇಂದ್ರಕ್ಕೆ ಅಧಿಕಾರವಿತ್ತು. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೆಕ್ಷನ್ 7ಬಿ ಸೇರಿಸಿ ವಿನ್ಯಾಸಕಾರ, ತಯಾರಕ, ಆಮದುದಾರ, ಪೂರೈಕೆದಾರ ಎಲ್ಲರ ಮೇಲೂ ಹೊಣೆ ಹೊರಿಸಿದರು. ಆದರೆ ಅದು ‘ಕಾರ್ಖಾನೆ’ಯ ಯಂತ್ರಕ್ಕೆ. ಕರೆಂಟು ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು ಆ ಕಾಯ್ದೆಯಲ್ಲಿ 10 ಜನ ಸಾಕಿತ್ತು, 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಅಂಗಳದಲ್ಲಿರುವುದು ಮೂರ್ನಾಲ್ಕು ಮಂದಿ. ಕೈಗಳಂತೂ ಅವೇ ಕೈಗಳು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಿನ್ಯಾಸದ ದೋಷಕ್ಕೂ ತಯಾರಕರನ್ನು ಹೊಣೆ ಮಾಡುತ್ತದೆ. ಆದರೆ ಯಂತ್ರವನ್ನು ಆಮೇಲೆ ಬದಲಾಯಿಸಿದ್ದರೆ ಮಾರಿದವರ ಮೇಲೆ ದಾವೆ ನಿಲ್ಲದು. ಆಟೋ ಸ್ಟಾರ್ಟರ್ ಬದಲಾವಣೆಯೇ ತಾನೆ?

*

ಹೊಣೆ ಯಾರದೆಂದು ತಿಳಿಯಬೇಕಾದರೆ ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ವೈರಿಂಗ್ ನಕ್ಷೆ ಅಂಟಿಸಿ, ಕೆಳಗೆ ಮಾಡಿದವರ ಹೆಸರು, ತಾರೀಕು ಬರೆದಿಡಬೇಕು. ಆಮೇಲೆ ತಂತಿ ಬದಲಿಸಿದವರೂ, ಬದಲಿಸಲು ಹೇಳಿದವರೂ ಅದರ ಕೆಳಗೇ ಬರೆಯಬೇಕು. ಇದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದ. ನಾನು ಇಣುಕಿದ ಯಾವ ಪ್ಯಾನೆಲಿನಲ್ಲೂ ಅಂಥ ಹಾಳೆ ಕಾಣಲಿಲ್ಲ.