ಟ್ವೆಂಟಿ ಸೈಜ್ ಪಿಸ್ಟನ್

ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಅಂಬಾಸಿಡರ್ ಎಂಜಿನ್ ಬಿಚ್ಚಿದರೆ ವಾರದೊಳಗೆ ಗಾಡಿ ಮತ್ತೆ ಓಡುತ್ತಿತ್ತು. ನಮ್ಮ ಓಣಿಯಲ್ಲೇ ಗ್ಯಾರೇಜ್ ಇದ್ದುದರಿಂದ ಅದನ್ನು ನೋಡುತ್ತಲೇ ಬೆಳೆದವನು ನಾನು. ನೀಲಿ ಹೊಗೆ ಕಾರುತ್ತಾ ಬಂದ ಟ್ಯಾಕ್ಸಿಯ ಹೆಡ್ ಇಳಿಸಿ, ಮೇಸ್ತ್ರಿ ಸಿಲಿಂಡರಿನ ಒಳಗೆ ಬೆರಳು ಆಡಿಸುತ್ತಿದ್ದರು. ಮೇಲಂಚಿನಲ್ಲಿ ಉಗುರಿಗೆ ಮೆಟ್ಟಿಲು ತಗುಲಿದರೆ ತೀರ್ಪು ಸಿದ್ಧ: "ಬರೀ ರಿಂಗ್ ಹಾಕಿದ್ರೆ ನಿಲ್ಲಲ್ಲ ಸಾರ್, ಬೋರ್ ಹೊಡೆಸ್ಬೇಕು."

ಬೋರ್ ಹೊಡೆಸುವುದೆಂದರೆ ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸಿ, ಅದಕ್ಕೆ ದೊಡ್ಡ ಪಿಸ್ಟನ್ ಹಾಕುವುದು. ಬ್ರಿಟಿಷ್ ಕಂಪನಿ ಬಿ.ಎಂ.ಸಿ.ಯ ಆ 1489 ಸಿ.ಸಿ. ಎಂಜಿನ್ನಿನ ಲೆಕ್ಕವೆಲ್ಲ ಇಂಚಿನಲ್ಲಿ. ಟ್ವೆಂಟಿ ಸೈಜ್ ಎಂದರೆ ಸ್ಟ್ಯಾಂಡರ್ಡಿಗಿಂತ ಇಂಚಿನ ಸಾವಿರದಲ್ಲಿ 20 ಭಾಗ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪಗಿನ ಪಿಸ್ಟನ್. ಫಾರ್ಟಿ ದಾಟಿದರೆ ಸ್ಲೀವ್ ಕೂರಿಸಿ ಮತ್ತೆ ಸ್ಟ್ಯಾಂಡರ್ಡಿಗೆ ಬರಬೇಕು. ಬ್ಲಾಕನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹುಡುಗರು ಬೋರಿಂಗ್ ಅಂಗಡಿಗೆ ಹೊರಟರೆ, ಇನ್ನೊಬ್ಬ ಕ್ರ್ಯಾಂಕ್ ಹೊತ್ತು ಗ್ರೈಂಡಿಂಗಿಗೆ ಹೋಗುತ್ತಿದ್ದ. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನೊಳಗೆ ಸಿಗುತ್ತಿದ್ದವು. ಎಂಜಿನ್ ಬೇಗ ಎದ್ದು ನಿಲ್ಲುತ್ತಿದ್ದುದು ಮೇಸ್ತ್ರಿಯ ಕೈಚಳಕದಿಂದ ಮಾತ್ರವಲ್ಲ, ಇಡೀ ಬೀದಿ ಅದರ ಹಿಂದೆ ಇತ್ತು.

1983ರ ಕೊನೆಗೆ ಮಾರುತಿ 800 ಬಂತು. ಬರಬರುತ್ತಾ ಬೋರ್ ಹೊಡೆಸುವ ಮಾತೇ ಅಪರೂಪವಾಯಿತು. ಅಂಗಡಿಗಳು ಸೀಟ್ ಕವರಿಗೆ, ಸ್ಟೀರಿಯೋಗೆ ತಿರುಗಿದವು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು.

ಈಗ ನನ್ನ ಶೆಡ್ಡಿನಲ್ಲಿರುವ ಅಂಬಾಸಿಡರ್ ಮಾರ್ಕ್ 2ರ ಎಂಜಿನ್ನನ್ನು ನಾನೇ ಕಟ್ಟುತ್ತಿದ್ದೇನೆ. ಚೈನ್ ಬ್ಲಾಕ್ ಇದ್ದು, ಹಿಡಿಯಲು ಇನ್ನೊಬ್ಬರು ಸಿಕ್ಕರೆ ಇಳಿಸುವುದು ಒಂದು ದಿನದ ಕೆಲಸ. ಹಳೆಯ ಗ್ರೀಸು, ಇಂಗಾಲ ಕೆರೆದು ತೊಳೆಯುವುದಕ್ಕೆ ಅದಕ್ಕಿಂತ ಹೆಚ್ಚು ಸಮಯ ಬೇಕು. ಅಂಗೈಗಳ ನಡುವೆ ಕಡ್ಡಿ ಹೊರಳಿಸಿ, ಕಡೆಗೋಲು ಆಡಿಸಿದಂತೆ, ಎಂಟು ವಾಲ್ವುಗಳನ್ನೂ ಪೇಸ್ಟ್ ಹಚ್ಚಿ ಉಜ್ಜಬೇಕು. ಸೀಟಿನ ಸುತ್ತ ಬೂದುಬಣ್ಣದ ಗೆರೆ ಒಂದೇ ಸಮ ಮೂಡುವವರೆಗೂ ಬಿಡುವಂತಿಲ್ಲ.

ಮೇಸ್ತ್ರಿಗೆ ಇಲ್ಲದಿದ್ದ ತಲೆನೋವುಗಳೂ ಸೇರಿಕೊಂಡಿವೆ. ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ, ಹೆಡ್ಡಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸುವುದು ಜಾಣತನ. 2023ರಲ್ಲಿ ಇದೇ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎಲ್ಲ ಬದಲಾಗಬೇಕು.

ಆದರೆ ನಿಜವಾಗಿ ದಿನ ನುಂಗುವುದು ಕಾಯುವಿಕೆ. ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕಂತೆ ಬೋರ್ ಹೊಡೆಯುವುದು ಕ್ರಮ. ಪಿಸ್ಟನ್ ಕೈಗೆ ಸಿಗದೆ ಬ್ಲಾಕ್ ಮುಟ್ಟುವಂತಿಲ್ಲ, ಬ್ಲಾಕ್ ಬಾರದೆ ಜೋಡಣೆ ಇಲ್ಲ. ಮೊದಲು ಹತ್ತು ಕೈಗಳು ಹಂಚಿಕೊಳ್ಳುತ್ತಿದ್ದ ಹೊತ್ತು ಈಗ ಒಬ್ಬನ ತಲೆಗೆ ಬಿದ್ದಿದೆ. ತಿಂಗಳುಗಳು ಉರುಳುವುದು ಅದಕ್ಕೇ.

ಜೋಡಿಸಿದ ಮೇಲೂ ಆತುರ ಸಲ್ಲದು. ಹಿಂದಿನ ಗಾಜಿನ ಮೇಲೆ "ರನ್ನಿಂಗ್ ಇನ್" ಎಂದು ಬರೆಸಿ ಮೆಲ್ಲಗೆ ಓಡಿಸುತ್ತಿದ್ದ ಕಾಲದ ಶಿಸ್ತು ಈ ಎಂಜಿನ್ನಿಗೆ ಇಂದಿಗೂ ಬೇಕು.

ಹಳೆಯ ಕಾರು ಕೊಂಡ ಹುಡುಗರು ಕೆಲವರು ಬಂದು, "ಅಂಕಲ್, ನಾವೇ ಎಂಜಿನ್ ಬಿಚ್ತೀವಿ, ಯಾವ ಸ್ಪ್ಯಾನರ್ ಸೆಟ್ ತಗೊಳ್ಳೋಣ?" ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಬೋರ್ ಹೊಡೆಯೋರು ಸಿಕ್ಕಿದಾರೇನಪ್ಪಾ?"